ಎದುರಾಳಿಗೆ ದುಡ್ಡು ಸುರಿದು ಗೆದ್ದವರು

2022ರ ನವೆಂಬರ್‌ನಲ್ಲಿ ಅಮೆರಿಕದ ಮಧ್ಯಂತರ ಚುನಾವಣೆಯ ಫಲಿತಾಂಶ ಬಂತಲ್ಲ, ಆ ದಿನ ನಮ್ಮ ಸ್ಕ್ರೀನ್ ಮೇಲೆ ಒಂದೇ ಸಾಲು ಓಡ್ತಾ ಇತ್ತು. ‘ಅಮೆರಿಕ ಸಂಸತ್ತಿಗೆ ಬೆಳಗಾವಿ ಹುಡುಗ’ ಅಂತ. ಹುಡುಗನಿಗೆ ಅರವತ್ತೇಳು ವರ್ಷ. ಇರಲಿ, ನಮ್ಮ ಟಿಕ್ಕರ್‌ನಲ್ಲಿ ಗೆದ್ದವರೆಲ್ಲ ಹುಡುಗರೇ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್ ರಾಜ್ಯದ 13ನೇ ಕ್ಷೇತ್ರದಿಂದ, ಅಂದರೆ ಡೆಟ್ರಾಯಿಟ್ ಊರಿನಿಂದ, ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಮೇಲೆ ಗೆದ್ದಿದ್ದರು. ಖುಷಿಯ ಸುದ್ದಿ, ಖುಷಿಯಿಂದಲೇ ಓದಿದೆ.

ಆದರೆ ಆ ಸುದ್ದಿಗಾಗಿ ಮಿಷಿಗನ್ ಫಲಿತಾಂಶದ ಪಟ್ಟಿ ನೋಡುವಾಗ ನನ್ನ ಕಣ್ಣು ಅದೇ ರಾಜ್ಯದ ಇನ್ನೊಂದು ಸಾಲಿನ ಮೇಲೆ ನಿಂತಿತು. 3ನೇ ಕ್ಷೇತ್ರ, ಗ್ರ್ಯಾಂಡ್ ರಾಪಿಡ್ಸ್. ಅಲ್ಲಿ ಡೆಮಾಕ್ರಟಿಕ್ ಪಕ್ಷದ ಹಿಲರಿ ಸ್ಕೋಲ್ಟನ್ ಗೆದ್ದಿದ್ದರು. ಹಿಂದೆ ಅಧ್ಯಕ್ಷರಾಗಿದ್ದ ಜೆರಾಲ್ಡ್ ಫೋರ್ಡ್ ಸುಮಾರು ಕಾಲು ಶತಮಾನ ಸಂಸದರಾಗಿದ್ದ ಊರು ಅದು. 1970ರ ದಶಕದ ನಂತರ ಆ ಊರಿಗೆ ಡೆಮಾಕ್ರಟಿಕ್ ಸಂಸದರೇ ಇರಲಿಲ್ಲ. ದೊಡ್ಡ ಗೆಲುವೇ. ಆದರೆ ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಆ ಗೆಲುವಿನ ಬಗ್ಗೆ ಅಲ್ಲ. ನವೆಂಬರ್ ಚುನಾವಣೆಯಲ್ಲಿ ಕಣದಲ್ಲೇ ಇಲ್ಲದ ಒಬ್ಬ ಮನುಷ್ಯನ ಬಗ್ಗೆ.

ಹೆಸರು ಪೀಟರ್ ಮೈಯರ್. ರಿಪಬ್ಲಿಕನ್. ಆ ಭಾಗದಲ್ಲಿ ಮನೆಮಾತಾಗಿರುವ ಸೂಪರ್ ಮಾರ್ಕೆಟ್ ಮನೆತನದ ಕುಡಿ, ಇರಾಕ್‌ನಲ್ಲಿ ಸೇನೆಯಲ್ಲಿ ಕೆಲಸ ಮಾಡಿ ಬಂದವರು. 2020ರಲ್ಲಿ ಇದೇ ಸ್ಕೋಲ್ಟನ್ ಅವರನ್ನು ಸೋಲಿಸಿ ಗೆದ್ದರು. 2021ರ ಜನವರಿ 3ಕ್ಕೆ ಪ್ರಮಾಣವಚನ. ಜನವರಿ 6ಕ್ಕೆ ಸಂಸತ್ ಭವನಕ್ಕೆ ಜನ ನುಗ್ಗಿದರು. ಜನವರಿ 13ಕ್ಕೆ ಟ್ರಂಪ್ ವಿರುದ್ಧ ವಾಗ್ದಂಡನೆಯ ಮತದಾನ. ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ, ಹತ್ತೇ ದಿನ. ಮೈಯರ್ ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ಮತ ಹಾಕಿದರು. 232 ಪರ, 197 ವಿರೋಧ. ಪರವಾಗಿ ನಿಂತ ರಿಪಬ್ಲಿಕನ್ನರು ಹತ್ತೇ ಹತ್ತು ಜನ. ಆ ಮತದ ನಂತರ ಜೀವಭಯದಿಂದ ಸಂಸದರು ಗುಂಡು ನಿರೋಧಕ ಕವಚದ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದಾರೆ ಅಂತ ಅವರೇ ಟಿವಿಯಲ್ಲಿ ಹೇಳಿದ್ದರು. ಡೆಮಾಕ್ರಟರು ಆ ಹತ್ತು ಜನರ ಆತ್ಮಸಾಕ್ಷಿಯನ್ನು ಕೊಂಡಾಡಿದರು.

ಇಲ್ಲಿವರೆಗೆ ನಿಮಗೆ ಗೊತ್ತಿರೋ ಕಥೆ. ಮುಂದಿನದು ಕೇಳಿ.

ಅಮೆರಿಕದಲ್ಲಿ ಟಿಕೆಟ್ ಕೊಡೋದು ನಮ್ಮ ಹಾಗೆ ಹೈಕಮಾಂಡ್ ಅಲ್ಲ. ಪ್ರೈಮರಿ ಅಂತ ಒಂದು ಒಳಚುನಾವಣೆ ನಡೆಯುತ್ತೆ, ಪಕ್ಷದ ಕಡೆಗಿರುವ ಮತದಾರರೇ ಅಭ್ಯರ್ಥಿಯನ್ನು ಆರಿಸ್ತಾರೆ. ಮೈಯರ್ ವಿರುದ್ಧ ಜಾನ್ ಗಿಬ್ಸ್ ನಿಂತರು. ಟ್ರಂಪ್ ಆಡಳಿತದಲ್ಲಿ ಅಧಿಕಾರಿಯಾಗಿದ್ದವರು, ಟ್ರಂಪ್ ಬೆಂಬಲ ಪಡೆದವರು, 2020ರ ಫಲಿತಾಂಶವನ್ನೇ ಒಪ್ಪದವರು. ಕೈಯಲ್ಲಿ ಹೇಳಿಕೊಳ್ಳುವಷ್ಟು ದುಡ್ಡಿರಲಿಲ್ಲ. ಮತದಾನಕ್ಕೆ ಒಂದು ವಾರ ಇದೆ ಅನ್ನುವಾಗ ಟಿವಿಯಲ್ಲಿ ಒಂದು ಜಾಹೀರಾತು ಬಂತು. ‘ಈ ಗಿಬ್ಸ್ ಅತಿ ಸಂಪ್ರದಾಯವಾದಿ, ಟ್ರಂಪ್ ಕೈಯಾರೆ ಆರಿಸಿದ ಮನುಷ್ಯ’ ಅನ್ನೋದು ಅದರ ಸಾರ. ನೋಡಿದರೆ ಬೈಗುಳ. ಆದರೆ ರಿಪಬ್ಲಿಕನ್ ಪ್ರೈಮರಿಯ ಮತದಾರನ ಕಿವಿಗೆ ಅದು ಹೊಗಳಿಕೆ! ನಿಂದಾಸ್ತುತಿ ಅಂತೀವಲ್ಲ, ಅದೇ. ದುಡ್ಡು ಕೊಟ್ಟವರು ಯಾರು? ಡೆಮಾಕ್ರಟಿಕ್ ಪಕ್ಷದ ಸಂಸದೀಯ ಚುನಾವಣಾ ಸಮಿತಿ. ನಾಲ್ಕು ಲಕ್ಷ ಡಾಲರ್‌ಗೂ ಹೆಚ್ಚು.

ಆಗಸ್ಟ್ 2ಕ್ಕೆ ಮೈಯರ್ ಸೋತರು. ಅಂತರ ನಾಲ್ಕು ಸಾವಿರ ಮತವೂ ಇರಲಿಲ್ಲ. ನವೆಂಬರ್‌ನಲ್ಲಿ ಗಿಬ್ಸ್ ಸೋತರು, ಸ್ಕೋಲ್ಟನ್ ಹದಿಮೂರು ಶೇಕಡಾ ಅಂಕಗಳಷ್ಟು ಮುಂದಿದ್ದರು. ಲೆಕ್ಕಾಚಾರ ಪಕ್ಕಾ ಆಗಿತ್ತು.

ಡೆಮಾಕ್ರಟರ ಕಡೆಯ ವಾದವನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ತಪ್ಪಾಗುತ್ತೆ. ಒಂದೊಂದು ಸೀಟೂ ಬಹುಮತದ ಪ್ರಶ್ನೆ. ಮೈಯರ್ ಎಷ್ಟೇ ಒಳ್ಳೆಯವರಾದರೂ ಸ್ಪೀಕರ್ ಆಯ್ಕೆಯ ದಿನ ಕೈ ಎತ್ತೋದು ರಿಪಬ್ಲಿಕನ್ ನಾಯಕನಿಗೇ. ಹಾಗಿದ್ದ ಮೇಲೆ ಅವರನ್ನು ಉಳಿಸೋ ದರ್ದು ನಮಗ್ಯಾಕೆ ಅಂತ ಅವರು ಕೇಳ್ತಾರೆ. ಗಣಿತವಾಗಿ ಸರಿ. ಆದರೆ ಕ್ಷೇತ್ರದ ಗಡಿ ಹೊಸದಾಗಿ ಬರೆದ ಮೇಲೆ ಡೆಮಾಕ್ರಟರಿಗೆ ಅಲ್ಲಿ ಮೊದಲೇ ಅನುಕೂಲ ಇತ್ತು. ನೇರವಾಗಿ ಮೈಯರ್ ಎದುರೇ ಸೆಣಸಬಹುದಿತ್ತು. ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ವರ್ಷಪೂರ್ತಿ ಯಾರನ್ನು ಬೈದರೋ, ಅಂಥವರ ಪಲ್ಲಕ್ಕಿಯನ್ನು ಒಂದು ವಾರ ತಾವೇ ಹೊತ್ತರು. ಇದು ಜೂಜು ಅಂತ ಆ ಪಕ್ಷದ ಹಲವು ಮಾಜಿ ಸಂಸದರೇ ಆಗ ಬಹಿರಂಗವಾಗಿ ಆಕ್ಷೇಪಿಸಿದ್ದರು. ಜೂಜಲ್ಲಿ ಗೆದ್ದರು, ಹಾಗಾಗಿ ಗೆದ್ದಾಗ ಆ ಮಾತು ಯಾರೂ ಎತ್ತುತ್ತಿರಲಿಲ್ಲ.

ಇನ್ನೊಂದು ವಿಷಯ. ಆ ಕ್ಷೇತ್ರದ ಜನಸಂಖ್ಯೆ ಸುಮಾರು 7.75 ಲಕ್ಷ. ನವೆಂಬರ್‌ನಲ್ಲಿ ಮತ ಹಾಕಿದವರು 3 ಲಕ್ಷಕ್ಕೂ ಹೆಚ್ಚು. ಆದರೆ ಮೈಯರ್ ಬೇಡ ಅಂತ ತೀರ್ಮಾನವಾದ ಆಗಸ್ಟ್ ಪ್ರೈಮರಿಯಲ್ಲಿ ಮತ ಹಾಕಿದವರು 1 ಲಕ್ಷದ ಆಸುಪಾಸು. ಯಾರಿವರು? ರಾಜಕೀಯವನ್ನು ಮೈಮೇಲೆ ಹಾಕಿಕೊಂಡವರು, ಬೇಸಿಗೆ ರಜೆಯ ಮಧ್ಯೆಯೂ ಮತಗಟ್ಟೆಗೆ ಬರುವಷ್ಟು ಸಿಟ್ಟು ಇದ್ದವರು. ಸಂಸದ ಹೆದರಬೇಕಾಗಿರೋದು ಇವರಿಗೆ. ಉಳಿದವರು ನವೆಂಬರ್‌ಗೆ ಬರುವಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿಯಾಗಿರುತ್ತೆ. ನಮ್ಮ ಥಾಣೇದಾರ್ ಅವರದೂ ಅಷ್ಟೇ ನೋಡಿ. ಅದೇ ಆಗಸ್ಟ್ 2ರಂದು, ಒಂಬತ್ತು ಜನರ ಪ್ರೈಮರಿಯಲ್ಲಿ ಶೇಕಡಾ 28ರಷ್ಟು ಮತ ಪಡೆದು ಗೆದ್ದರು. ಡೆಟ್ರಾಯಿಟ್ ಡೆಮಾಕ್ರಟರ ಕೋಟೆ, ಹಾಗಾಗಿ ಅವತ್ತೇ ಅವರು ಸಂಸದರಾದ ಹಾಗೆ. ನವೆಂಬರ್‌ನಲ್ಲಿ ನಾವು ಸುದ್ದಿ ಮಾಡಿದ್ವಿ.

ಆ ಹತ್ತು ಜನ ಏನಾದರು? ನಾಲ್ವರು ಸ್ಪರ್ಧೆಯೇ ಬೇಡ ಅಂತ ಹಿಂದೆ ಸರಿದರು. ನಾಲ್ವರು ಪ್ರೈಮರಿಯಲ್ಲಿ ಸೋತರು, ಮಾಜಿ ಉಪಾಧ್ಯಕ್ಷರ ಮಗಳು ಲಿಜ್ ಚೇನಿಯೂ ಸೇರಿ. ಉಳಿದುಕೊಂಡವರು ಇಬ್ಬರು, ಡ್ಯಾನ್ ನ್ಯೂಹೌಸ್ ಮತ್ತು ಡೇವಿಡ್ ವಲಡಾವೊ. ಒಬ್ಬರು ವಾಷಿಂಗ್ಟನ್ ರಾಜ್ಯದವರು, ಇನ್ನೊಬ್ಬರು ಕ್ಯಾಲಿಫೋರ್ನಿಯಾದವರು. ಎರಡೂ ಕಡೆ ಪ್ರೈಮರಿಯಲ್ಲಿ ಎಲ್ಲ ಪಕ್ಷದ ಅಭ್ಯರ್ಥಿಗಳೂ ಒಂದೇ ಮತಪತ್ರದಲ್ಲಿರ್ತಾರೆ, ಎಲ್ಲರೂ ಮತ ಹಾಕಬಹುದು, ಮೊದಲ ಇಬ್ಬರು ಮುಂದಕ್ಕೆ ಹೋಗ್ತಾರೆ. ಇದೇ ಸಂಜೀವಿನಿ ಅಂತ ನಾನು ಹೇಳಲ್ಲ. ವಾಷಿಂಗ್ಟನ್ ರಾಜ್ಯದ ಇನ್ನೊಬ್ಬರು, ಜೇಮಿ ಹೆರೆರಾ ಬಟ್ಲರ್, ಇದೇ ಪದ್ಧತಿಯಲ್ಲೇ ಸೋತರು.

ನಮ್ಮಲ್ಲಿ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗುತ್ತೆ, 1985ರಿಂದ ಕಾನೂನೇ ಇದೆ. ಅದನ್ನು ತಂದಿದ್ದಕ್ಕೆ ಕಾರಣವೂ ಇತ್ತು. ಬೆಳಗ್ಗೆ ಒಂದು ಪಕ್ಷ, ಸಂಜೆ ಇನ್ನೊಂದು. 2019ರಲ್ಲಿ ನಮ್ಮದೇ ವಿಧಾನಸಭೆಯಲ್ಲಿ 17 ಶಾಸಕರು ಅನರ್ಹರಾದದ್ದನ್ನು ನೀವೂ ನೋಡಿದ್ದೀರಿ, ನಾವು ರೆಸಾರ್ಟ್ ಗೇಟ್ ಮುಂದೆ ಕ್ಯಾಮೆರಾ ಇಟ್ಟು ತೋರಿಸಿದ್ದೇವೆ. ಅಮೆರಿಕದಲ್ಲಿ ಅಂಥ ಕಾನೂನಿಲ್ಲ. ಸಂಸದ ತನ್ನ ಮನಸ್ಸಿಗೆ ಬಂದ ಹಾಗೆ ಮತ ಹಾಕಬಹುದು ಅಂತ ನಾವು ಹೊಟ್ಟೆಕಿಚ್ಚು ಪಡ್ತಿದ್ವಿ. ಮೈಯರ್ ಪಕ್ಷ ಬಿಡಲಿಲ್ಲ, ಮಂತ್ರಿಗಿರಿ ಕೇಳಲಿಲ್ಲ, ಒಂದೇ ಒಂದು ಮತ ಹಾಕಿದರು. ಸ್ವಂತ ಪಕ್ಷ ಅವರನ್ನು ಹೊರಗೆ ನೂಕಿತು, ಬೆನ್ನು ತಟ್ಟಿದ್ದ ಎದುರು ಪಕ್ಷ ಬಾಗಿಲು ತೆಗೆದುಕೊಟ್ಟಿತು. ಅವರಿಗಿಂತ ಮೊದಲು ಇದೇ ಸೀಟಿನಲ್ಲಿದ್ದ ಜಸ್ಟಿನ್ ಅಮಾಶ್ 2019ರಲ್ಲಿ ಪಕ್ಷ ಬಿಟ್ಟು, ಟ್ರಂಪ್ ವಿರುದ್ಧದ ಮೊದಲ ವಾಗ್ದಂಡನೆಗೆ ಮತ ಹಾಕಿ, 2020ರಲ್ಲಿ ಕಣಕ್ಕೇ ಇಳಿಯಲಿಲ್ಲ. ಒಂದೇ ಕುರ್ಚಿ, ಎರಡು ವರ್ಷದಲ್ಲಿ ಇಬ್ಬರು.

ನನ್ನ ಮನೆಯ ದೋಸೆ ತೂತನ್ನೂ ಹೇಳಬೇಕು. ರಾತ್ರಿ ಒಂಬತ್ತರ ಚರ್ಚೆಗೆ ಅತಿಥಿಗಳನ್ನು ಕರೆಯುವಾಗ ನಾವು ಹೇಗೆ ಆರಿಸ್ತೀವಿ ಗೊತ್ತಾ? ಈ ಪಕ್ಷದಿಂದ ಒಬ್ಬ ಜೋರು ಬಾಯಿ, ಆ ಪಕ್ಷದಿಂದ ಒಬ್ಬ ಜೋರು ಬಾಯಿ. ಕೆಲವು ವರ್ಷದ ಹಿಂದೆ ಒಬ್ಬ ಶಾಸಕರು ಬಂದಿದ್ದರು. ‘ಸಾರ್, ಈ ವಿಷಯದಲ್ಲಿ ನಮ್ಮ ಪಕ್ಷದ ನಿಲುವು ತಪ್ಪು, ಎದುರಿನವರು ಹೇಳಿದ್ದು ಸರಿ’ ಅಂದುಬಿಟ್ಟರು. ಎದುರಿನವರಿಗೆ ಏನು ಹೇಳಬೇಕು ಅಂತ ತೋಚಲಿಲ್ಲ. ನನಗೂ. ಚರ್ಚೆ ಠುಸ್ ಆಯ್ತು. ‘ಸಾರ್, ಅವರು ಬೇಡ, ಫೈಟ್ ಇರಲ್ಲ’ ಅಂತ ನಮ್ಮ ಹುಡುಗರು ಅಂದರು, ನಾನು ಹೂಂ ಅಂದೆ. ಆಮೇಲೆ ಅವರನ್ನು ಕರೆಯಲೇ ಇಲ್ಲ. ಅವರ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ.

2023ರ ಜನವರಿ 3ಕ್ಕೆ ವಾಷಿಂಗ್ಟನ್‌ನಲ್ಲಿ ಹೊಸ ಸಂಸತ್ತು ಸೇರಿತು. ಥಾಣೇದಾರ್ ಇದ್ದರು, ಸ್ಕೋಲ್ಟನ್ ಇದ್ದರು, ಬಹುಮತ ಮಾತ್ರ ರಿಪಬ್ಲಿಕನ್ನರದ್ದಾಗಿತ್ತು. ಡೆಮಾಕ್ರಟರು ಆ ನಾಲ್ಕು ಲಕ್ಷ ಡಾಲರ್ ಖರ್ಚು ಮಾಡಿದ್ದೇ ಅದು ತಪ್ಪಲಿ ಅಂತ. ಮುಂದೊಂದು ದಿನ ಅಲ್ಲಿ ಮತ್ತೊಂದು ಜನವರಿ 13 ಬಂದರೆ, ಕೈ ಎತ್ತಬೇಕೋ ಬೇಡವೋ ಅಂತ ಯೋಚನೆ ಮಾಡುವ ಹೊಸ ಸಂಸದನ ಕಣ್ಣ ಮುಂದೆ ಈ ಎರಡೂ ಪಕ್ಷದವರು ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಮಾಡಿದ್ದು ಇರುತ್ತೆ.