ಡ್ರೆಡ್ ಸ್ಕಾಟ್ ಕೇಳಿದ ಪೌರತ್ವ



ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬಂದ ತಾಯಂದಿರು ಈ ಸಭೆಯಲ್ಲಿ ಹಲವರಿದ್ದೀರಿ. ಮಗಳು ಅಳಿಯ ಇನ್ನೂ ವೀಸಾದ ಮೇಲಿರುತ್ತಾರೆ. ತೊಟ್ಟಿಲಲ್ಲಿರುವ ಕೂಸು ಮಾತ್ರ ಆಗಲೇ ಅಮೆರಿಕದ ಪ್ರಜೆ. ಈ ಹಕ್ಕನ್ನು ಆ ಕೂಸಿಗೆ ಗಳಿಸಿಕೊಟ್ಟವರು ಯಾರು? ಅಲ್ಲಿನ ಗುಲಾಮರು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಸಂವಿಧಾನದಲ್ಲಿ 'ಗುಲಾಮ' ಎಂಬ ಪದವೇ ಇರಲಿಲ್ಲ. ಪದವಿಲ್ಲದಿದ್ದರೂ ಗುಲಾಮಗಿರಿ ಇತ್ತು. ಓಡಿಹೋದವರನ್ನು ಒಡೆಯನಿಗೆ ಹಿಂತಿರುಗಿಸಬೇಕೆಂಬ ವಿಧಿಯಿತ್ತು. 1808ರವರೆಗೆ ಗುಲಾಮರ ಆಮದನ್ನು ಸಂಸತ್ತು ನಿಷೇಧಿಸುವಂತಿರಲಿಲ್ಲ. ಎಲ್ಲಕ್ಕಿಂತ ಕ್ರೂರವಾಗಿ ನನಗೆ ಕಾಣುವುದು ಐದರಲ್ಲಿ ಮೂರರ ಲೆಕ್ಕ. ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳೆಂದು ಎಣಿಸುವಾಗ ಐವರು ಗುಲಾಮರನ್ನು ಮೂವರೆಂದು ಹಿಡಿಯುತ್ತಿದ್ದರು. ಆ ಐವರಲ್ಲಿ ಒಬ್ಬರಿಗೂ ಮತವಿಲ್ಲ. ಅವರ ತಲೆ ಎಣಿಸಿ ಬಂದ ಹೆಚ್ಚುವರಿ ಸ್ಥಾನಗಳಲ್ಲಿ ಕೂರುತ್ತಿದ್ದವರು ಅವರ ಒಡೆಯರು.

ಡ್ರೆಡ್ ಸ್ಕಾಟ್ ಒಬ್ಬ ಸೇನಾ ವೈದ್ಯನ ಗುಲಾಮ. ಗುಲಾಮಗಿರಿ ನಿಷೇಧವಿದ್ದ ಇಲಿನಾಯ್‌ನಲ್ಲೂ ಉತ್ತರದ ಫೋರ್ಟ್ ಸ್ನೆಲ್ಲಿಂಗ್‌ನಲ್ಲೂ ಆತ ವರ್ಷಗಟ್ಟಲೆ ಬಾಳಿದ್ದ. ಸ್ವತಂತ್ರ ನೆಲದಲ್ಲಿ ಬಾಳಿದ ತಾವು ಸ್ವತಂತ್ರರೇ ಎಂದು 1846ರಲ್ಲಿ ಅವನೂ ಹೆಂಡತಿ ಹ್ಯಾರಿಯೆಟ್‌ಳೂ ಸೇಂಟ್ ಲೂಯಿಸ್ ನಗರದಲ್ಲಿ ದಾವೆ ಹೂಡಿದರು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿ ಗುಲಾಮಳಾದರೆ ಮಕ್ಕಳೂ ಗುಲಾಮರೇ. ದಾವೆ ಆ ಮಕ್ಕಳಿಗಾಗಿಯೂ ನಡೆದಿತ್ತು. 1850ರಲ್ಲಿ ಗೆದ್ದರು, 1852ರಲ್ಲಿ ಮಿಸ್ಸೂರಿಯ ಮೇಲಿನ ನ್ಯಾಯಾಲಯದಲ್ಲಿ ಸೋತರು. ಕೊನೆಗೆ 1857ರ ಮಾರ್ಚ್ 6ರಂದು ದೇಶದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಾಜರ್ ಟೇನಿ ತೀರ್ಪು ಓದಿದರು: ಆಫ್ರಿಕಾ ಮೂಲದವರು, ಗುಲಾಮರಿರಲಿ ಸ್ವತಂತ್ರರಿರಲಿ, ಈ ದೇಶದ ಪ್ರಜೆಗಳಾಗಲಾರರು, ಆದ್ದರಿಂದ ಸ್ಕಾಟ್‌ಗೆ ಈ ಕಟ್ಟೆ ಹತ್ತುವ ಹಕ್ಕೇ ಇಲ್ಲ. ಏಳು ಮಂದಿ ಆ ಕಡೆ, ಇಬ್ಬರು ಈ ಕಡೆ. ಆ ಇಬ್ಬರಲ್ಲೊಬ್ಬರು ಬೆಂಜಮಿನ್ ಕರ್ಟಿಸ್. ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟ ಕಾಲದಲ್ಲೇ ಐದು ರಾಜ್ಯಗಳಲ್ಲಿ ಸ್ವತಂತ್ರ ಕರಿಯರಿಗೆ ಮತವಿತ್ತೆಂದು ಅವರು ದಾಖಲೆ ತೋರಿಸಿದರು. ಅದೇ ವರ್ಷ ರಾಜೀನಾಮೆ ಕೊಟ್ಟು ಹೊರನಡೆದರು. ಹೊಸ ಒಡೆಯರ ಕೈಯಿಂದ ಸ್ಕಾಟ್‌ಗೆ ಬಿಡುಗಡೆ ಸಿಕ್ಕಿತಾದರೂ ಮರುವರ್ಷವೇ ಆತ ತೀರಿಕೊಂಡ.

ಆ ತೀರ್ಪನ್ನು ಅಳಿಸಲು ಒಂದು ಅಂತರ್ಯುದ್ಧವೇ ಬೇಕಾಯಿತು. 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ಕೊನೆಗಾಣಿಸಿತು. 1868ರ 14ನೇ ತಿದ್ದುಪಡಿಯ ಮೊದಲ ವಾಕ್ಯ ಟೇನಿಗೆ ಕೊಟ್ಟ ನೇರ ಉತ್ತರ: ಅಮೆರಿಕದ ಕಾನೂನಿನ ಅಧಿಕಾರಕ್ಕೆ ಒಳಪಟ್ಟು ಆ ನೆಲದಲ್ಲಿ ಹುಟ್ಟಿದವರೆಲ್ಲ ಅಲ್ಲಿನ ಪ್ರಜೆಗಳು. ಬಣ್ಣ, ಕುಲ ಕೇಳುವಂತಿಲ್ಲ. ಮತದ ಹಕ್ಕು 1870ರಲ್ಲಿ ಕಾಗದದ ಮೇಲೆ ಬಂತು. ದಕ್ಷಿಣದ ರಾಜ್ಯಗಳಲ್ಲಿ ಅದು ನಿಜವಾಗಿ ಕೈಗೆ ಸಿಗಲು 1965ರ ಕಾಯಿದೆಯವರೆಗೆ ಕಾಯಬೇಕಾಯಿತು.

ಆ ಒಂದು ವಾಕ್ಯದ ನೆರಳು ಎಷ್ಟು ದೂರ ಚಾಚಿತು ನೋಡಿ. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ 1898ರಲ್ಲಿ ಅದರ ಬಲದಿಂದಲೇ ಸುಪ್ರೀಂ ಕೋರ್ಟಿನಲ್ಲಿ ಪೌರತ್ವ ಗೆದ್ದ. ಹೊರಗಿನಿಂದ ಹೋದ ಭಾರತೀಯರ ಪಾಡು ಬೇರೆ. ಭಗತ್ ಸಿಂಗ್ ಥಿಂದ್ ಬಿಳಿಯನಲ್ಲ, ಆದ್ದರಿಂದ ಪ್ರಜೆಯಾಗಲಾರ ಎಂದು 1923ರಲ್ಲಿ ಅದೇ ಕೋರ್ಟು ಹೇಳಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ಅದೇ ತಿದ್ದುಪಡಿಯ 'ಸಮಾನ ರಕ್ಷಣೆ' ನಮ್ಮ ಸಂವಿಧಾನದ 14ನೇ ವಿಧಿಯಲ್ಲೂ ಇದೆ. ಸಂಖ್ಯೆ ಕೂಡಿಬಂದದ್ದು ಕಾಕತಾಳೀಯ, ಮಾತು ಮಾತ್ರ ಅಲ್ಲಿಂದಲೇ ಬಂದದ್ದು.

2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಈ ಪೌರತ್ವ ಬೇಡವೆಂದು ಆದೇಶ ಹೊರಡಿಸಿದಾಗ ನಮ್ಮ ಎಷ್ಟೋ ಮನೆಗಳಲ್ಲಿ ನಿದ್ದೆ ಹಾರಿತು. ಅದರ ವಿರುದ್ಧ ಕೋರ್ಟಿಗೆ ಹೋದವರು ಮುಂದಿಟ್ಟದ್ದು 1868ರ ಅದೇ ವಾಕ್ಯವನ್ನು.

ಸೇಂಟ್ ಲೂಯಿಸ್‌ನಲ್ಲಿ ಆ ಹಳೆಯ ಕೋರ್ಟು ಇನ್ನೂ ನಿಂತಿದೆ. ಅದರ ಅಂಗಳದಲ್ಲಿ ಡ್ರೆಡ್ ಮತ್ತು ಹ್ಯಾರಿಯೆಟ್ ಕೈ ಹಿಡಿದು ನಿಂತ ಪ್ರತಿಮೆಯಿದೆ. ಮುಂದಿನ ಸಲ ಮೊಮ್ಮಗುವನ್ನು ನೋಡಲು ಹೋದಾಗ, ಸಾಧ್ಯವಾದರೆ ಆ ಮಗುವನ್ನೂ ಎತ್ತಿಕೊಂಡು ಅಲ್ಲಿಗೆ ಹೋಗಿಬನ್ನಿ.