ಬಂದರು ಬಂತು, ಊರು ಹೇಗಿರಬೇಕು?

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಕ್ಷೇತ್ರದ ಮೊಕ್ತೇಸರರೊಬ್ಬರು ಮಾಡಿದ ಭಾಷಣದ ಬರಹ ರೂಪ)



"ದೇವಸ್ಥಾನ ಮತ್ತು ಊರಿನ ಅಭಿವೃದ್ಧಿ" ಎಂಬ ವಿಷಯದಲ್ಲಿ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದವನು, ಜೀನಸು ಅಂಗಡಿ ಇಟ್ಟುಕೊಂಡವನು. ಧರ್ಮಶಾಸ್ತ್ರದ ವಿಚಾರವನ್ನು ಬಲ್ಲವರು ಆಗಲೇ ಹೇಳಿದ್ದಾರೆ. ನಾನು ತೋಡು, ರಸ್ತೆ, ಕಸ, ಕಡಲು, ಇವುಗಳ ವಿಚಾರ ಮಾತ್ರ ಹೇಳುತ್ತೇನೆ. ಕಲಶದ ಸಭೆಯಲ್ಲಿ ಕಸದ ಮಾತೇ ಎಂದು ಯಾರೂ ಬೇಸರಿಸಬಾರದು. ಉತ್ಸವದ ಕೊನೆಗೆ ಶ್ರೀ ದೇವರು ಅವಭೃಥಕ್ಕೆ ಕಡಲ ಕಡೆಗೆ ಸವಾರಿ ಹೊರಡುವ ದಾರಿಯೂ, ಮೀನಿನ ಲಾರಿ ಐಸ್ ನೀರು ಸುರಿಸುತ್ತಾ ಬರುವ ದಾರಿಯೂ ಒಂದೇ. ಆ ದಾರಿಗೆ ವರ್ಷಕ್ಕೆ ಒಂದು ದಿನ ಮಾತ್ರ ನಾವು ನೀರು ಚಿಮುಕಿಸಿ ತೋರಣ ಕಟ್ಟುತ್ತೇವೆ. ಉಳಿದ 364 ದಿನ ಅದು ಹೇಗಿರಬೇಕು ಎಂಬುದೇ ನನ್ನ ಇಂದಿನ ವಿಷಯ.

ನಮ್ಮ ಮಂಜೇಶ್ವರದ ಭೂಮಿಯನ್ನು ಸ್ವಲ್ಪ ಮನಸ್ಸಿನಲ್ಲಿ ತಂದುಕೊಳ್ಳಿ. ಮೂಡುದಿಕ್ಕಿಗೆ ಗುಡ್ಡ, ಪಡುದಿಕ್ಕಿಗೆ ಕಡಲು. ನಡುವೆ ತೆಂಕು ಬಡಗಾಗಿ ಎರಡು ಗೆರೆಗಳು. ಒಂದು 1907ರಲ್ಲಿ ಮಂಗಳೂರು ಮುಟ್ಟಿದ ರೈಲುದಾರಿ. ಇನ್ನೊಂದು ಹಿಂದೆ 17 ಎಂಬ ನಂಬ್ರದಲ್ಲಿದ್ದು ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿ ಆರು ಸಾಲಿನದ್ದಾದ ಮೇಲೆ ಕಂಡಕಂಡಲ್ಲಿ ದಾಟುವಂತಿಲ್ಲ; ಅಡಿಸೇತುವೆ ಇರುವಲ್ಲಿಗೆ ಹೋಗಿಯೇ ದಾಟಬೇಕು. ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ಬಾಣಂತಿ, ದೇವಸ್ಥಾನಕ್ಕೆ ಬರುವ ಅಜ್ಜಿ, ಎಲ್ಲರಿಗೂ ಇದೇ ಲೆಕ್ಕ.

ಮನುಷ್ಯರಿಗೆ ಮಾತ್ರವಲ್ಲ, ಮಳೆನೀರಿಗೂ ಇದೇ ಲೆಕ್ಕ. ಗುಡ್ಡದ ಮೇಲೆ ಬಿದ್ದ ನೀರು ಹೆದ್ದಾರಿಯ ಅಡಿಯ ಮೋರಿ ದಾಟಿ, ರೈಲಿನ ಅಡಿಯ ಮೋರಿ ದಾಟಿ, ತೋಡು ಸೇರಿ, ಹೊಳೆ ಸೇರಿ, ಅಳಿವೆಯಲ್ಲಿ ಕಡಲಿಗೆ ಬೀಳಬೇಕು. ಈ ದಾರಿಯಲ್ಲಿ ಎಲ್ಲಿಯಾದರೂ ಒಂದು ಕಡೆ ಕಟ್ಟಿದರೆ ನೀರು ಹಿಂದೆ ನಿಲ್ಲುತ್ತದೆ. ಅದರಲ್ಲಿಯೂ ಹುಣ್ಣಿಮೆ ಅಮಾವಾಸ್ಯೆಗೆ ಕಡಲು ಉಕ್ಕುವ ಹೊತ್ತಿಗೆ ಜೋರು ಮಳೆ ಬಂದರೆ ಹೊಳೆಯೇ ನೀರನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಆಗ ಪಡುಬದಿಯ ಮನೆಗಳ ಅಂಗಳದಲ್ಲಿ ಮೊಣಕಾಲು ನೀರು. ತೋಡಿನಲ್ಲಿ ಸಿಕ್ಕುವ ಕಸ ಯಾವುದು? ಪ್ಲಾಸ್ಟಿಕ್ ಕುಪ್ಪಿ, ಥರ್ಮಾಕೋಲು ಪೆಟ್ಟಿಗೆಯ ತುಂಡು, ಹರಿದ ಬಲೆ, ಮದುವೆ ಮನೆಯ ಲೋಟ. ಇದರಲ್ಲಿ ಅಂಗಡಿಯವರದ್ದು, ಮನೆಯವರದ್ದು, ಬಂದರಿನವರದ್ದು, ಎಲ್ಲರ ಪಾಲೂ ಉಂಟು.

ಈಗ ಬಂದರಿನ ಮಾತು. ಅಳಿವೆಯ ಎರಡು ಕಡೆಗೆ ಕಲ್ಲಿನ ಗೋಡೆ ಹಾಕಿ ಕಟ್ಟಿದ ನಮ್ಮ ಮೀನುಗಾರಿಕಾ ಬಂದರು 2020ರಲ್ಲಿ ಉದ್ಘಾಟನೆಯಾಯಿತು. ಬಹಳ ವರ್ಷಗಳ ಬೇಡಿಕೆ ಅದು. ಅಳಿವೆಯಲ್ಲಿ ಅಲೆಗೆ ಸಿಕ್ಕಿ ದೋಣಿ ಮಗುಚಿದ ಕಥೆ ಕೇಳದ ಮನೆ ಕಡಲ ಕರೆಯಲ್ಲಿಲ್ಲ. ಹಾಗಾಗಿ ಬಂದರು ಬೇಡ ಎಂದು ಹೇಳುವವನು ನಾನಲ್ಲ. ಆದರೆ ಬಂದರೆಂದರೆ ಬರೀ ಗೋಡೆಯೂ ದಕ್ಕೆಯೂ ಅಲ್ಲ. ಮೀನು ತೊಳೆದ ನೀರು ಹೋಗುವ ಚರಂಡಿ ಬೇಕು. ಅದು ಊರ ತೋಡಿಗೆ ಬಿಡುವ ಚರಂಡಿ ಆಗಬಾರದು. ಲಾರಿ ನಿಲ್ಲಲು ಜಾಗ ಬೇಕು. ಸಿಹಿನೀರು ಬೇಕು. ಮೀನು ಹೊರುವ ಹೆಂಗಸರಿಗೆ ಶೌಚಾಲಯ ಬೇಕು. ಅಂಬುಲೆನ್ಸು ದಕ್ಕೆಯವರೆಗೆ ತಡೆಯಿಲ್ಲದೆ ಬರುವಷ್ಟು ಅಗಲದ ರಸ್ತೆ ಬೇಕು. ಇವೆಲ್ಲ ಇಲ್ಲದಿದ್ದರೆ ಬಂದರಿನ ಲಾಭ ಲಾರಿ ಹತ್ತಿ ಹೋಗುತ್ತದೆ, ವಾಸನೆ ಮಾತ್ರ ಊರಿನಲ್ಲಿ ಉಳಿಯುತ್ತದೆ.

ಇನ್ನೊಂದು ದೊಡ್ಡ ವಿಚಾರ ಹೊಯಿಗೆಯದ್ದು. ಕಡಲಿನ ಹೊಯಿಗೆ ಒಂದೇ ಕಡೆ ಕೂತಿರುವುದಿಲ್ಲ. ಅಲೆಯೊಡನೆ ಕರೆಯ ಉದ್ದಕ್ಕೂ ನಡೆಯುತ್ತಾ ಇರುತ್ತದೆ. ಮಳೆಗಾಲದಲ್ಲಿ ಕಡಲು ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದೆ, ನವರಾತ್ರಿ ಕಳೆದ ಮೇಲೆ ನಿಧಾನವಾಗಿ ತಂದು ಹಾಕುತ್ತದೆ. ನಡುವೆ ಉದ್ದದ ಕಲ್ಲುಗೋಡೆ ಬಂದರೆ ಒಂದು ಬದಿಯಲ್ಲಿ ಹೊಯಿಗೆ ತುಂಬುತ್ತದೆ, ಇನ್ನೊಂದು ಬದಿಯಲ್ಲಿ ತೂತಾಗುತ್ತದೆ. ಇದು ಹಲವು ಬಂದರುಗಳಲ್ಲಿ ಕಂಡ ಸಂಗತಿ. ನಮ್ಮ ತೆಂಕಬದಿಯ ಮುಸೋಡಿಯಲ್ಲಿ ಕಡಲ್ಕೊರೆತಕ್ಕೆ ಮನೆಗಳೂ ತೆಂಗುಗಳೂ ಹೋದ ಸುದ್ದಿಯನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ, ಕೆಲವರು ಕಣ್ಣಾರೆ ಕಂಡಿದ್ದೀರಿ.

ಕಡಲು ಹತ್ತಿರ ಬಂದಾಗ ಬಡವನ ಮುಂದೆ ಇರುವ ದಾರಿ ಒಂದೇ, ಎದ್ದು ಹೋಗುವುದು. ಕಡಲಿನಿಂದ 50 ಮೀಟರ್ ಒಳಗೆ ಇರುವ ಮೀನುಗಾರ ಕುಟುಂಬಗಳಿಗೆ ಬೇರೆ ಕಡೆ ಜಾಗ ಮತ್ತು ಮನೆಗೆಂದು 10 ಲಕ್ಷ ರೂಪಾಯಿ ಕೊಡುವ ಪುನರ್ಗೇಹಂ ಎಂಬ ಯೋಜನೆಯನ್ನು ಕೇರಳ ಸರಕಾರ ತಂದಿತು. ಒಳ್ಳೆಯ ಉದ್ದೇಶವೇ. ಆದರೆ ಬಂದರು ಬಂದ ಮೇಲೆ ಇಲ್ಲಿ ಜಾಗದ ಕ್ರಯ ಏನೆಂದು ಅಂಗಡಿಯಲ್ಲಿ ಕೂತ ನನಗೆ ದಿನಾ ಕಿವಿಗೆ ಬೀಳುತ್ತದೆ. ಆ ಹಣದಲ್ಲಿ ನಾಲ್ಕು ಸೆಂಟ್ಸು ಕೊಂಡು ಮನೆ ಕಟ್ಟಬೇಕಾದರೆ ಗುಡ್ಡದ ಆಚೆಗೆ ಹೋಗಬೇಕು. ಬೆಳಗಿನ ಜಾವ ಮೂರು ಗಂಟೆಗೆ ದೋಣಿ ಇಳಿಸುವವನು ಗುಡ್ಡದ ಆಚೆಯಿಂದ ಬರುವುದು ಹೇಗೆ? ಒಂದು ವರ್ಷ ಬಂದಾನು, ಎರಡು ವರ್ಷ ಬಂದಾನು. ಮತ್ತೆ ಅವನ ಮಗ ಬೇರೆ ಕೆಲಸ ಹುಡುಕಿ ಹೋಗುತ್ತಾನೆ. ಹೊರಗಿನ ದೊಡ್ಡ ಬೋಟುಗಳಿಗೆ ಬಂದರು ಉಳಿಯುತ್ತದೆ, ಈ ಕರೆಯಲ್ಲಿ ತಲೆಮಾರು ಕಳೆದವರಿಗೆ ಉಳಿಯುವುದಿಲ್ಲ.

ಇದು ಅವರ ಸಮಸ್ಯೆ, ನಮಗೇನು ಎನ್ನಬೇಡಿ. ನಮ್ಮ ಜಾತ್ರೆಗೆ ಕಡಲ ಕರೆಯಿಂದ ಬರುವ ಹೊರೆಕಾಣಿಕೆ ಎಷ್ಟೆಂದು ಉಗ್ರಾಣದವರನ್ನು ಕೇಳಿ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದು ತೆಂಗಿನಕಾಯಿ ಬಿಟ್ಟು ಕೈಮುಗಿಯುವ ಮೊಗವೀರ ಬಂಧುಗಳು ಈ ಕ್ಷೇತ್ರದ ಬಲಗೈ. ಅದೇ ಕರೆಯಲ್ಲಿ ಬಲೆ ಹಾಕುವ ಮುಸ್ಲಿಂ ಸಹೋದರರು ಜಾತ್ರೆಗೆ ದಾರಿ ಬಿಟ್ಟುಕೊಟ್ಟು ನಮ್ಮೊಡನೆ ನಿಲ್ಲುವವರು. ಟ್ರಾಲಿಂಗ್ ನಿಷೇಧದ 52 ದಿನ, ಜೂನ್ 9ರ ನಡುರಾತ್ರಿಯಿಂದ ಜುಲೈ 31ರ ವರೆಗೆ, ನನ್ನಂಥ ಅಂಗಡಿಯವರ ಕಡದ ಪುಸ್ತಕ ದಪ್ಪವಾಗುತ್ತದೆ. ಆಗಸ್ಟಿನಲ್ಲಿ ಮೀನು ಬಿದ್ದರೆ ಅವರು ತಾವಾಗಿ ಬಂದು ತೀರಿಸುತ್ತಾರೆ. ಅವರು ಎದ್ದು ಹೋದರೆ ನನ್ನ ಅಂಗಡಿಯೂ ಇಲ್ಲ, ಈ ಅವಭೃಥದ ಗೌಜಿಯೂ ಇಲ್ಲ.

ಹಾಗಾದರೆ ನಾವೇನು ಮಾಡಬಹುದು? ದೇವಸ್ಥಾನ ಸರಕಾರವಲ್ಲ. ಆದರೆ ಜನ ಸೇರಿಸುವ ಶಕ್ತಿ ದೇವಸ್ಥಾನಕ್ಕೆ ಉಂಟು. ನನ್ನ ಬುದ್ಧಿಗೆ ತೋಚಿದ ಐದು ಕೆಲಸ ಹೇಳುತ್ತೇನೆ.

ಮೊದಲನೆಯದು ಜಾಗದ್ದು. ಇಲ್ಲಿ ತೋಟವುಳ್ಳ ಭಕ್ತರು ಹಲವರಿದ್ದೀರಿ. ಜಾಗ ಮಾರುವ ಮನಸ್ಸು ಬಂದರೆ ದಲ್ಲಾಳಿಯನ್ನು ಕರೆಯುವ ಮೊದಲು ಒಂದು ಮಾತು ದೇವಸ್ಥಾನದ ಕಚೇರಿಗೆ ತಿಳಿಸಿ. ಕರೆಯಿಂದ ಏಳಬೇಕಾದ ಕುಟುಂಬಗಳ ಪಟ್ಟಿಯನ್ನು ನಾವು ಇಟ್ಟುಕೊಳ್ಳುತ್ತೇವೆ. ಧರ್ಮಕ್ಕೆ ಕೊಡಿ ಎಂದು ನಾನು ಕೇಳುವುದಿಲ್ಲ, ನ್ಯಾಯದ ಕ್ರಯಕ್ಕೆ ಅವರಿಗೇ ಮೊದಲು ಕೊಡಿ ಎಂದು ಕೇಳುತ್ತೇನೆ. ಸೆಂಟ್ಸಿನ ಮೇಲೆ ಕೆಲವು ಸಾವಿರ ಕಡಿಮೆಯಾದೀತು. ಆ ಕಡಿಮೆಯಾದದ್ದನ್ನು ಕಲಶಕ್ಕೆ ಕೊಟ್ಟ ದೇಣಿಗೆ ಎಂದು ತಿಳಿಯಿರಿ.

ಎರಡನೆಯದು ತೋಡಿನದ್ದು. ಪತ್ತನಾಜೆ ಕಳೆದರೆ ಜಾತ್ರೆ, ಕೋಲ, ಆಟ ಎಲ್ಲ ಮುಗಿಯಿತು, ಗೆಜ್ಜೆ ಬಿಚ್ಚಿಟ್ಟಾಯಿತು. ಮಳೆ ಹಿಡಿಯಲು ಒಂದು ವಾರ ಇರುತ್ತದೆ. ಆ ವಾರದ ಭಾನುವಾರ ಪ್ರತೀ ವರ್ಷ ತೋಡಿನ ಶ್ರಮದಾನ ಎಂದು ಪಂಚಾಂಗದಲ್ಲಿ ಬರೆದಿಡೋಣ. ಹೆದ್ದಾರಿಯ ಮೋರಿಯಿಂದ ಅಳಿವೆಯವರೆಗೆ, ಒಬ್ಬೊಬ್ಬರಿಗೆ ಒಂದೊಂದು ತುಂಡು. ಮಸೀದಿಯವರಿಗೆ, ಇಗರ್ಜಿಯವರಿಗೆ, ಕ್ಲಬ್ಬುಗಳಿಗೆ ನಾವೇ ಹೋಗಿ ಹೇಳಿಕೆ ಕೊಡೋಣ. ನೀರಿಗೆ ಜಾತಿ ಮತ ಇಲ್ಲ.

ಮೂರನೆಯದು ಕಸದ್ದು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ 2020ರ ಜನವರಿ 1ರಿಂದ ಕೇರಳದಲ್ಲಿ ನಿಷೇಧ ಬಂದಿದೆ. ನಮ್ಮ ಅನ್ನಸಂತರ್ಪಣೆಯಲ್ಲಿ ಬಾಳೆಲೆ, ಹಾಳೆಯ ತಟ್ಟೆ, ಸ್ಟೀಲಿನ ಲೋಟ ಬಿಟ್ಟು ಬೇರೆ ಯಾವುದೂ ಬರಬಾರದು. ಮನೆಯಿಂದ ಕಸ ಕೊಂಡುಹೋಗುವ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೆ 50 ರೂಪಾಯಿ ಕೇಳಿದರೆ ಬಾಗಿಲು ಹಾಕುವವರಿದ್ದಾರೆ. ಅವರು ನಮ್ಮ ನೆರೆಮನೆಯ ಅಕ್ಕತಂಗಿಯರು. ಹಣ ಕೊಟ್ಟು, ಒಂದು ಲೋಟ ನೀರನ್ನೂ ಕೊಡಿ.

ನಾಲ್ಕನೆಯದು ಲೆಕ್ಕದ್ದು. ಕಡಲು ಎಷ್ಟು ಹತ್ತಿರ ಬಂತು ಎಂದು ಅಧಿಕಾರಿಗಳು ಕೇಳಿದರೆ ನಾವು "ತುಂಬಾ ಬಂತು ಸಾರ್" ಎನ್ನುತ್ತೇವೆ. ತುಂಬಾ ಎಂಬುದಕ್ಕೆ ಕಾಗದದಲ್ಲಿ ಬೆಲೆಯಿಲ್ಲ. ಜಳಕದ ಕಟ್ಟೆಯಿಂದ ಪಡುವಿಗೆ ಅಳತೆಯ ಕಲ್ಲು ನೆಟ್ಟು, ಪ್ರತೀ ವರ್ಷ ಪತ್ತನಾಜೆಯ ದಿನ ಒಮ್ಮೆ, ದೀಪಾವಳಿ ಕಳೆದು ಒಮ್ಮೆ, ಭರತದ ನೀರು ಎಲ್ಲಿಯವರೆಗೆ ಬಂತೆಂದು ಟೇಪು ಹಿಡಿದು ಅಳೆದು ಪುಸ್ತಕದಲ್ಲಿ ಬರೆಯೋಣ. ಎರಡು ಹೊತ್ತು ಅಳೆಯಲು ಕಾರಣ, ಮಳೆಗಾಲದಲ್ಲಿ ಹೋದ ಹೊಯಿಗೆ ಎಷ್ಟು ಹಿಂದೆ ಬಂತೆಂದು ತಿಳಿಯಬೇಕು. ಐದು ವರ್ಷದ ಪುಸ್ತಕ ಇದ್ದರೆ ಯಾವ ಇಂಜಿನಿಯರರ ಎದುರೂ ಧೈರ್ಯದಿಂದ ಇಡಬಹುದು. ನಮ್ಮ ಶಾಲೆಯ ಮಕ್ಕಳು ಈ ಕೆಲಸವನ್ನು ಚೆಂದ ಮಾಡಿಯಾರು.

ಐದನೆಯದು ಗ್ರಾಮಸಭೆಯದ್ದು. ಇದೇ ಎಲ್ಲದಕ್ಕಿಂತ ಮುಖ್ಯ. ಕೇರಳದಲ್ಲಿ 1994ರ ಪಂಚಾಯತುರಾಜ್ ಕಾಯಿದೆಯಂತೆ ವಾರ್ಡು ವಾರ್ಡಿಗೆ ಗ್ರಾಮಸಭೆ ಉಂಟು. 1996ರಲ್ಲಿ ಜನಕೀಯ ಯೋಜನೆ ಆರಂಭವಾದ ಮೇಲೆ ಯಾವ ತೋಡಿಗೆ ಕಲ್ಲು ಕಟ್ಟಬೇಕು, ಯಾವ ರಸ್ತೆಗೆ ಡಾಮರು ಹಾಕಬೇಕು ಎಂಬ ಬೇಡಿಕೆ ಅಲ್ಲಿಂದಲೇ ಹೋಗಬೇಕು. ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸೇರಿದರೆ ಕೋರಂ. 1,200 ಮತದಾರರ ವಾರ್ಡಿಗೆ 120 ಜನ. ನಮ್ಮ ಅನ್ನದಾನದ ಒಂದು ಪಂಕ್ತಿಯಲ್ಲಿ ಅದಕ್ಕಿಂತ ಹೆಚ್ಚು ಜನ ಕೂರುತ್ತಾರೆ! ಪಂಕ್ತಿಯಲ್ಲಿ ಕಂಡ ಮುಖಗಳು ಗ್ರಾಮಸಭೆಯಲ್ಲಿಯೂ ಕಾಣಬೇಕು. ಇನ್ನು ಮುಂದೆ ಗ್ರಾಮಸಭೆಯ ದಿನಾಂಕವನ್ನು ದೇವಸ್ಥಾನದ ಫಲಕದಲ್ಲಿ ಪೂಜೆಯ ವಿವರದ ಪಕ್ಕದಲ್ಲೇ ಬರೆಯಲು ಆಡಳಿತ ಮಂಡಳಿಯಲ್ಲಿ ನಾನು ಸೂಚನೆ ಇಡುತ್ತೇನೆ.

ಭಾಷೆಯ ತೊಡಕು ಉಂಟು, ಒಪ್ಪುತ್ತೇನೆ. ಒಂದು ಕಚೇರಿಯಲ್ಲಿ ನಾನು ಕೊಟ್ಟ ಕನ್ನಡ ಅರ್ಜಿಯನ್ನು ನೋಡಿ "ಮಲಯಾಳದಲ್ಲಿ ಬರೆದು ತನ್ನಿ" ಎಂದರು. ನಾನು ಜಗಳಕ್ಕೆ ನಿಲ್ಲಲಿಲ್ಲ, ಅರ್ಜಿ ಹಿಂದೆ ತೆಗೆದುಕೊಳ್ಳಲೂ ಇಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಸಿಗಬೇಕು ಎಂದು ಬರೆದಿದೆ ಎಂದು ವಿನಯದಿಂದ ಹೇಳಿದೆ. ಕೊನೆಗೆ ಮುದ್ರೆ ಹಾಕಿ ತೆಗೆದುಕೊಂಡರು. ರಾಷ್ಟ್ರಕವಿ ಗೋವಿಂದ ಪೈಗಳು ಬಾಳಿದ ಈ ಮಣ್ಣಿನಲ್ಲಿ ಕನ್ನಡ ಅರ್ಜಿಗೆ ನಾಚಿಕೆ ಬೇಡ. ಹಾಗೆಯೇ ಮಲಯಾಳ ಬಲ್ಲ ನಮ್ಮ ಯುವಕರು ಬಂದರಿನ, ಕರಾವಳಿ ನಿಯಮದ ಪ್ರಕಟಣೆಗಳು ಬಂದಾಗ ಓದಿ, ಕನ್ನಡದಲ್ಲಿ ಹಿರಿಯರಿಗೆ ತಿಳಿಸುವ ಸೇವೆ ಮಾಡಬೇಕು. ಆಕ್ಷೇಪ ಹೇಳುವ ಅವಧಿ ಮುಗಿದ ಮೇಲೆ ತಿಳಿದು ಪ್ರಯೋಜನವಿಲ್ಲ. ಇದೂ ಒಂದು ದೇವರ ಸೇವೆಯೇ.

ಮಾತು ಉದ್ದವಾಯಿತು, ಊಟದ ಹೊತ್ತೂ ಆಯಿತು. ಗರ್ಭಗುಡಿಗೆ ನಾವು ತಾಮ್ರದ ಹೊದಿಕೆ ಹಾಕಿದ್ದೇವೆ, ಸುತ್ತು ಪೌಳಿಗೆ ಕಲ್ಲು ಹಾಸಿದ್ದೇವೆ. ಹಳ್ಳಿ ಹಳ್ಳಿಯಿಂದ ಐದು, ಹತ್ತು ರೂಪಾಯಿ ಕೂಡಿಸಿ ಇಷ್ಟು ದೊಡ್ಡ ಕೆಲಸ ಮಾಡಿದ ಕೈಗಳಿಗೆ ಒಂದು ತೋಡು, ಒಂದು ದಾರಿ, ಇಪ್ಪತ್ತು ಮೂವತ್ತು ಮನೆಗಳ ಜಾಗ ದೊಡ್ಡದಲ್ಲ. ಜಾಗದ ವಿಚಾರ ಮಾತಾಡುವವರು ಉತ್ಸವ ಮುಗಿದ ಮೇಲೆ ಯಾವ ದಿನ ಸಂಜೆಯೂ ಕಚೇರಿಗೆ ಬರಬಹುದು. ತೋಡಿನ ಶ್ರಮದಾನಕ್ಕೆ ಹೆಸರು ಕೊಡುವ ಪುಸ್ತಕವನ್ನು ಸೇವಾ ಕೌಂಟರಿನ ಬಳಿ ಇಟ್ಟಿದ್ದೇವೆ. ಊಟ ಮಾಡಿ ಹೋಗುವಾಗ ಬರೆಯಿರಿ.

ಶ್ರೀ ದೇವರು ನಮಗೆಲ್ಲ ಒಗ್ಗಟ್ಟನ್ನೂ ಸದ್ಬುದ್ಧಿಯನ್ನೂ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.