ಹಳೆಯ ಗೆಳೆಯರಿದ್ದ ಊರಿಗೆ

ಸಣ್ಣ ಟ್ರಕ್ಕಿನ ಮೇಲೆ ಹಾಸಿಗೆ, ಒಲೆ, ಮೇಜುಗಳಿರುವ ಪುಟ್ಟ ಕೋಣೆಯನ್ನು ಕೂರಿಸಿದ ವಾಹನಕ್ಕೆ ಕ್ಯಾಂಪರ್ ಎನ್ನುತ್ತಾರೆ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಇಂಥದೊಂದು ವಾಹನದಲ್ಲಿ ಚಾರ್ಲಿ ಎಂಬ ಮುದಿ ಪೂಡಲ್ ನಾಯಿಯನ್ನು ಕೂರಿಸಿಕೊಂಡು ದೇಶ ಸುತ್ತಲು ಹೊರಟರು. ಆ ಪ್ರವಾಸಕಥನ 1962ರಲ್ಲಿ ಪ್ರಕಟವಾಯಿತು. ಬಿಡಾರ ಹೂಡಿದಲ್ಲೆಲ್ಲ ಚಾರ್ಲಿಯನ್ನು ಮೊದಲು ನೆರೆಯವರತ್ತ ಬಿಟ್ಟು, ಆಮೇಲೆ ಅದನ್ನು ಕರೆತರುವ ನೆಪದಲ್ಲಿ ತಾವೂ ಹೋಗಿ ಮಾತಿಗೆ ತೊಡಗುವುದು ಅವರ ರೂಢಿಯಾಗಿದ್ದುದರಿಂದ, ಅಪರಿಚಿತರ ಸ್ನೇಹ ಅವರಿಗೆ ಸುಲಭವಾಗಿ ಒದಗಿತು.

ಕಷ್ಟವಾದದ್ದು ಹಳೆಯ ಸ್ನೇಹ. ಕಥನದ ಸಂಭಾಷಣೆಗಳಲ್ಲಿ ಕಲ್ಪನೆ ಬೆರೆತಿದೆಯೆಂದು ಮುಂದೆ ಕೆಲವರು ವಾದಿಸಿದ್ದಾರಾದರೂ, ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ, ಅಂದರೆ ಅವರ ಕಾದಂಬರಿಗಳಿಗೆ ನೆಲೆಯಾದ ಕಡಲೂರಿನಲ್ಲಿ, ನಡೆದ ಭೇಟಿಯ ಭಾವಸತ್ಯವನ್ನು ಅಲ್ಲಗಳೆಯಲಾಗದು. ಮದ್ಯದಂಗಡಿಯಲ್ಲಿ ಸಿಕ್ಕ ಗೆಳೆಯ ಕಣ್ಣೀರಿಡುತ್ತ ಅಪ್ಪಿಕೊಂಡು, ಊರಿಗೆ ಮರಳಿಬಿಡು ಎಂದು ಅಂಗಲಾಚುತ್ತಾನೆ; ಸ್ಟೈನ್‌ಬೆಕ್ ಮಾತ್ರ ತೀರಿಹೋದ ಗೆಳೆಯರ ಹೆಸರುಗಳನ್ನು ಒಂದೊಂದಾಗಿ ಎತ್ತಿ, ಅವರಿಲ್ಲದ ಊರು ತಮ್ಮದಲ್ಲವೆಂದು ಹೊರಟುಬಿಡುತ್ತಾರೆ. ಅವರ ದುಃಖ ನಿಜವಾದದ್ದೇ. ಆದರೆ ಎದುರಿಗಿದ್ದ ಗೆಳೆಯನ ಅಪ್ಪುಗೆಯೂ ಅಷ್ಟೇ ನಿಜವಾಗಿತ್ತು, ಮತ್ತು ಅವನ ಬಳಿ ಇನ್ನಷ್ಟು ಹೊತ್ತು ಕೂರಬಹುದಾಗಿತ್ತು.